ಎಳೆಯದೆ ಕಟ್ಟಿದ ತುರುಬು

ವಾಡಿಯಲ್ಲಿ ಹುಟ್ಟಿದವರಿಗೆ ಗಾಳಿ ಎಂದರೆ ಕಣ್ಣಿಗೆ ಕಾಣುವ ವಸ್ತು. ಒಂದು ಕಡೆಯಿಂದ ಸಿಮೆಂಟ್ ಕಾರ್ಖಾನೆಯ ಬೂದಿ, ಇನ್ನೊಂದು ಕಡೆಯಿಂದ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಪುಡಿ ಬಂದು ನಮ್ಮ ತಲೆಯ ಮೇಲೆ ಕೂರುತ್ತಿದ್ದವು. ಅದಕ್ಕೆ ಅವ್ವನ ಹತ್ತಿರ ಇದ್ದ ಔಷಧ ಎರಡೇ: ಎಣ್ಣೆ ಮತ್ತು ಬಲ. ನನ್ನನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು, ಗುಂಗುರು ಕೂದಲಿಗೆ ಕೊಬ್ಬರಿ ಎಣ್ಣೆ ಸುರಿದು, ಹಗ್ಗ ಹೊಸೆಯುವವಳ ಹಾಗೆ ಎರಡು ಹೆರಳು ಹಾಕುತ್ತಿದ್ದಳು.

“ಸಡ್ಲ ಬಿಟ್ರ ಧೂಳ ಒಳಗ ಹೊಕ್ಕು ಕುಂದರ್ತದ,” ಎನ್ನುತ್ತಿದ್ದಳು.

ಎಣ್ಣೆಗೆ ಧೂಳು ಅಂಟಿ ಸಂಜೆ ಹೊತ್ತಿಗೆ ನನ್ನ ತಲೆ ಗಿಲಾವು ಮಾಡಿದ ಗೋಡೆಯಂತಾಗುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಶಾಲೆಯ ಫೋಟೋಗಳಲ್ಲೆಲ್ಲ ನನ್ನ ಹುಬ್ಬುಗಳು ಮೇಲೇರಿವೆ. ಲೋಕ ಕಂಡು ಬೆರಗಾದ ಹುಡುಗಿ ಎಂದು ನೋಡಿದವರು ಅಂದುಕೊಳ್ಳುತ್ತಾರೆ. ಬೆರಗಲ್ಲ, ಹೆರಳಿನ ಬಿಗಿ.

ಅವ್ವನ ಕೈಯಿಂದ ಬಾಚಣಿಗೆ ನನ್ನ ಕೈಗೆ ಬಂದ ಮೇಲೂ ಪದ್ಧತಿ ಬದಲಾಗಲಿಲ್ಲ. ದಿನಾ ರೈಲಿನಲ್ಲಿ ಶಹಾಬಾದಿನ ಆಫೀಸಿಗೆ ಹೋಗಿಬರುವವಳು ನಾನು. ಗುಂಗುರು ಕೂದಲು ಹಾರಾಡಿದರೆ ಜನ ಏನೆಂದಾರು? ಚಿಂತೆ ಮಾಡುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ರೈಲು ತಡವಾದರೆ ಚಿಂತೆ, ಹೊತ್ತಿಗೆ ಸರಿಯಾಗಿ ಬಂದರೆ ಏನು ಅನಾಹುತ ಕಾದಿದೆಯೋ ಎಂಬ ಚಿಂತೆ. ಆದರೆ ಚಿಂತೆ ಮಾಡಬೇಕಾದದ್ದು ಮಾತ್ರ ಕಣ್ಣಿಗೆ ಬೀಳಲಿಲ್ಲ. ಹಣೆಯ ಎರಡೂ ಬದಿಯ ಕಣತಲೆಗಳ ಮೇಲೆ ಕೂದಲು ಸದ್ದಿಲ್ಲದೆ ಹಿಂದೆ ಸರಿಯುತ್ತಿತ್ತು. ಕೊನೆಗೆ ಕಂಡಾಗ, ಬೋಳಾದ ಜಾಗಕ್ಕೆ ಕಾಡಿಗೆ ತೀಡತೊಡಗಿದೆ.

ಚಿತ್ತಾಪುರದಲ್ಲಿ ಸಂಬಂಧಿಕರ ಮನೆಯ ತೊಟ್ಟಿಲ ಕಾರ್ಯಕ್ರಮ. ಬೇಸಿಗೆ, ಮನೆ ತುಂಬ ಹೆಂಗಸರು, ಅದೇ ಹೊತ್ತಿಗೆ ಕರೆಂಟ್ ಹೋಯಿತು. ಕೂಸಿನ ಹೆಸರು ಕೂಗುವಾಗ ನನ್ನ ಕೆನ್ನೆಯ ಮೇಲೆ ಕಪ್ಪು ಹನಿ ಇಳಿಯುತ್ತಿತ್ತು. ಮೊದಲು ನೋಡಿದವಳು ನನ್ನ ಅಕ್ಕ.

“ಯವ್ವಾ, ನಿನ್ನ ತಲಿ ಕರಗಲಿಕತ್ತದ ನೋಡ!”

ಎಲ್ಲರೂ ನಕ್ಕರು, ನಾನೂ ನಕ್ಕೆ. ಬಚ್ಚಲಲ್ಲಿ ಮುಖ ತೊಳೆಯುವಾಗ ಮಾತ್ರ ನಗು ಬರಲಿಲ್ಲ.

ಆ ವಾರವೇ ಮದುವೆಗೆ ಬಂದಿದ್ದ ನನ್ನ ಮಗಳು ನನ್ನನ್ನು ಕಲಬುರಗಿಯ ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಕನ್ನಡಕ ಏರಿಸಿ ಹಣೆಯ ಅಂಚನ್ನು ನೋಡಿದರು. ಜಗ್ಗಿ ಜಗ್ಗಿ ಹೀಗಾಗಿದೆ, ಬೇರು ಇನ್ನೂ ಪೂರ್ತಿ ಸತ್ತಿಲ್ಲ, ಈಗ ಬಿಟ್ಟರೆ ಮತ್ತೆ ಬರಬಹುದು, ಇನ್ನೂ ಜಗ್ಗಿದರೆ ಇದ್ದದ್ದೂ ಹೋಗುತ್ತದೆ ಎಂದರು. ‘ಬರಬಹುದು’ ಎಂದರೇ ಹೊರತು ‘ಬರುತ್ತದೆ’ ಎನ್ನಲಿಲ್ಲ. ಆ ಒಂದು ಶಬ್ದ ನನ್ನ ಚಿಂತೆಗೆ ತಿಂಗಳುಗಟ್ಟಲೆ ಸಾಕಾಯಿತು.

ಅಲ್ಲಿಂದ ಮನೆಯಲ್ಲಿ ಮಗಳ ಆಳ್ವಿಕೆ ಶುರುವಾಯಿತು. ಅವಳದೂ ನನ್ನಂಥದೇ ಕೂದಲು, ಆದರೆ ಅದನ್ನು ಅವಳು ಮುಚ್ಚಿಟ್ಟವಳಲ್ಲ. ಒಣ ಕೂದಲಿಗೆ ಬಾಚಣಿಗೆ ಮುಟ್ಟಿಸುವಂತಿಲ್ಲ. ಒದ್ದೆಯಿದ್ದಾಗ ಅಗಲ ಹಲ್ಲಿನ ಹಣಿಗೆಯಿಂದ ತುದಿಯಿಂದ ಮೇಲಕ್ಕೆ ಬಿಡಿಸಬೇಕು. ರಬ್ಬರ್ ಬ್ಯಾಂಡ್ ಬಂದ್. ಜಡೆ ಸಡಿಲ, ಕುತ್ತಿಗೆಯ ಹತ್ತಿರ, ಅದೂ ದಿನಾ ಒಂದೇ ಜಾಗದಲ್ಲಿ ಅಲ್ಲ. ರೈಲಿನ ಧೂಳು ತಡೆಯಲು ತಲೆಗೆ ಕಟ್ಟುವ ಬಟ್ಟೆ ಕೂದಲಿಗೆ ಉಜ್ಜಬಾರದೆಂದು ಒಳಗೆ ಹಳೆಯ ರೇಷ್ಮೆ ಸೀರೆಯ ತುಂಡು ಹೊಲಿದುಕೊಟ್ಟಳು. ನಾನು ಕನ್ನಡಿ ಕಂಡಲ್ಲೆಲ್ಲ ನಿಂತು ಕಣತಲೆ ಸವರಿ ನೋಡುತ್ತಿದ್ದೆ.

“ಮಮ್ಮಿ, ಮುಟ್ಟಿ ಮುಟ್ಟಿನೇ ಉದರಸ್ತಿ ನೋಡ ನೀ!” ಎಂದು ಬೈಯುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಬೋಳು ಜಾಗದಲ್ಲಿ ಹೆಸರುಕಾಳಿನ ಮೊಳಕೆಯಂಥ ಸಣ್ಣ ಸುರುಳಿಗಳು ಎದ್ದವು. ಮೊದಲಿಗೆ ಅದು ಕಾಡಿಗೆಯ ಕಲೆ ಎಂದುಕೊಂಡು ಸೋಪು ಹಚ್ಚಿ ತಿಕ್ಕಿದೆ.

ಮಗಳ ಮದುವೆ ಸೇಡಂನಲ್ಲಿ. ಬೆಳಿಗ್ಗೆ ಅಕ್ಕ ಎಣ್ಣೆ ಬಾಟಲಿ, ಬಾಚಣಿಗೆ, ಪಿನ್ನು, ಮೊಳದುದ್ದ ಚೌರಿ ಹಿಡಿದು ಬಂದಳು. ಅವಳಾಗಲೇ ನೆತ್ತಿಯ ಮೇಲೆ ಚೌರಿ ಸೇರಿಸಿ ತುರುಬು ಬಿಗಿದಿದ್ದಳು. ಪ್ರತಿ ಮದುವೆಯಲ್ಲೂ ಅವಳಿಗೆ ತಲೆನೋವು. ಬ್ಯಾಂಡಿನವರನ್ನು ಬೈದು ಗುಳಿಗೆ ನುಂಗುವುದು ಅವಳ ವಾಡಿಕೆ.

“ಕುಂದ್ರು. ಹೆಣ್ಣಿನ ತಾಯಿ ಅಂದ್ರ ತುರುಬ ಗಡಗಿ ಹಂಗ ಕಾಣಬೇಕು.”

ಬಾಚಣಿಗೆ ಕಂಡದ್ದೇ ನನ್ನ ಕುತ್ತಿಗೆ ತಾನಾಗಿಯೇ ಬಾಗಿತು. ಅಷ್ಟು ವರ್ಷದ ತಾಲೀಮು. ಆದರೆ ಕೈ ಕಣತಲೆಯ ಮೊಳಕೆಗಳ ಮೇಲೆ ಹೋಯಿತು.

“ಬ್ಯಾಡ ಅಕ್ಕಾ. ಜಗ್ಗಬ್ಯಾಡ.”

“ಹಂಗಾದ್ರ ಬೀಗ್ರ ಮುಂದ ತಲಿ ಬಿಟಗೊಂಡು ದೇವರ ಬಂದಾಕಿ ಹಂಗ ನಿಂದರ್ತಿ ಏನು? ಧಾರಿ ಎರಿಯೋ ಹೊತ್ತಿನ್ಯಾಗ?”

ಧೈರ್ಯವೇನೂ ಇರಲಿಲ್ಲ. ಕೈಗಳು ಮಾತ್ರ ಕೆಲಸ ಮಾಡಿದವು. ಕೂದಲನ್ನು ಹಿಂದಕ್ಕೆ ಸಡಿಲವಾಗಿ ಸೇರಿಸಿ, ಕುತ್ತಿಗೆಯ ಹತ್ತಿರ ಸುತ್ತಿ, ಮಲ್ಲಿಗೆ ದಂಡೆಯನ್ನು ಆ ಸುತ್ತಿನ ಬುಡಕ್ಕಷ್ಟೇ ಮುಡಿದೆ. ಹಣೆಯ ಸುರುಳಿಗಳನ್ನು ಅವುಗಳ ಪಾಡಿಗೆ ಬಿಟ್ಟೆ.

ಧಾರೆಯ ನಂತರ ಹುಡುಗನ ತಾಯಿ ನನಗೆ ಕುಂಕುಮ ಹಚ್ಚಲು ಬಂದರು. ಕುಂಕುಮ ಹಚ್ಚಿದವರು ಸೀದಾ ನನ್ನ ತುರುಬಿಗೆ ಕೈ ಹಾಕಿ ಒಮ್ಮೆ ಜಗ್ಗಿ ನೋಡಿದರು!

“ಚೌರಿ ಇಲ್ಲೇನ್ರೀ ಬೀಗತೇರ? ಎಲ್ಲಾ ನಿಮ್ಮವೇ?”

“ಎಲ್ಲಾ ನನ್ನವೇ ರೀ,” ಎಂದೆ. ದನಿ ಅಗತ್ಯಕ್ಕಿಂತ ದೊಡ್ಡದಾಯಿತು. ಬ್ಯಾಂಡಿನವನೊಬ್ಬ ತಿರುಗಿ ನೋಡಿದ.

“ಭಾಳ ಚಂದ ಅವ ಬಿಡ್ರಿ. ಸೊಸಿಗೂ ಇವೇ ಬಂದಾವ.”

ಊಟದ ಹೊತ್ತಿಗೆ ಅಕ್ಕ ನನ್ನ ರಟ್ಟೆ ಹಿಡಿದು ಹಿಂದಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. ಬೈಗುಳಕ್ಕೆ ಸಿದ್ಧಳಾದೆ. ಅವಳು ನನಗೆ ಬೆನ್ನು ಹಾಕಿ ಪರ್ಸಿ ನೆಲದ ಮೇಲೆ ಕುಳಿತಳು.

“ನಂದೂ ಸಡ್ಲ ಮಾಡು. ಯಾರಿಗೂ ಹೇಳಬ್ಯಾಡ.”

ಒಂದೊಂದೇ ಪಿನ್ನು ತೆಗೆದೆ. ಚೌರಿ ಸತ್ತ ಬೆಕ್ಕಿನ ಹಾಗೆ ನೆಲಕ್ಕೆ ಬಿತ್ತು. ಅವಳ ಕಣತಲೆಗಳೂ ನನ್ನವು ಇದ್ದ ಹಾಗೆಯೇ ಇದ್ದವು, ಕಾಡಿಗೆ ಸಮೇತ. ಕುತ್ತಿಗೆಯ ಹತ್ತಿರ ಸಡಿಲ ತುರುಬು ಸುತ್ತಿ ನನ್ನ ದಂಡೆಯಲ್ಲಿ ಅರ್ಧ ಮುಡಿಸಿದೆ. ಅವಳು ತಿರುಗಿದಾಗ, ನಾನು ಬಲ್ಲ ದಿನದಿಂದಲೂ ಮೇಲೇರಿಯೇ ಇದ್ದ ಅವಳ ಹುಬ್ಬುಗಳು ಕೆಳಗಿಳಿದಿದ್ದವು.

ಹೊರಗೆ ಬ್ಯಾಂಡು ಮೊದಲಿಗಿಂತ ಜೋರಾಗಿ ಬಾರಿಸುತ್ತಿತ್ತು. ಅಕ್ಕ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು.

“ಚಲೋ ಬಾರಸ್ತಾರಲ್ಲ ಇವರು,” ಎಂದಳು.