ಎರಡು ಗೂಡಿನ ಇರುವೆಗಳು

ಕಿತ್ತಳೆಯ ಚಿಗುರು ಸುರುಳಿಯಾಗಿದ್ದು ಕಂಡರೆ ನನ್ನ ಚಿಕ್ಕಮ್ಮ ಮಿಯೂ-ಲಿನ್‌ಗೆ ಊಟ ಸೇರುತ್ತಿರಲಿಲ್ಲ. ಕಂದು ಪತಂಗ ಮೊಟ್ಟೆಯಿಟ್ಟು ಹೋಗುತ್ತದೆ. ಹುಳು ಎಳೆ ಎಲೆಗಳನ್ನು ನೂಲಿನಿಂದ ಮಡಚಿ, ಒಳಗೆ ಕೂತು ಮೇಯುತ್ತದೆ. ಹಿಂದಿನ ವರ್ಷದ ಫಸಲು ಹಾಗೆಯೇ ಹೋಗಿತ್ತು. ಈ ಸಲವೂ ಹೋದರೆ ಮರಗಳನ್ನು ಕಡಿದು ಕೆಸುವಿನ ಗೆಡ್ಡೆ ಹಾಕಬೇಕೆಂದು ಮನೆತನದ ಹಿರಿಯರು ಹೇಳಿಬಿಟ್ಟಿದ್ದರು. ಅವು ಚಿಕ್ಕಪ್ಪ ನೆಟ್ಟ ಮರಗಳು. ಅವರು ತೀರಿಕೊಂಡ ಮೇಲೆ ಅವಳಿಗೆ ಬೇರೆ ಜೀವನಾಧಾರ ಇರಲಿಲ್ಲ.

ಸುಯಿ ನದಿಯ ದಂಡೆಯ ನಮ್ಮೂರಲ್ಲಿ ಈ ಹುಳುವಿಗೆ ಮದ್ದು ಹಳದಿ ಇರುವೆ. ಗೂಡನ್ನು ಕೊಂಬೆಗೆ ಕಟ್ಟಿ, ಮರದಿಂದ ಮರಕ್ಕೆ ಬಿದಿರಿನ ಸೀಳು ಹಾಸಿದರೆ, ಇರುವೆಗಳು ಓಡಾಡಿ ಹುಳು ಹಿಡಿಯುತ್ತವೆ. ಪಕ್ಕದ ನಮ್ಮಪ್ಪನ ತೋಟದಲ್ಲಿ ಗೂಡುಗಳಿಗೆ ಕೊರತೆಯಿರಲಿಲ್ಲ. ಆದರೆ ನೀರಿನ ಕಾಲುವೆಯ ಜಗಳದಿಂದ ಅಪ್ಪನಿಗೂ ಚಿಕ್ಕಮ್ಮನಿಗೂ ಮಾತು ನಿಂತಿತ್ತು.

"ಅಪ್ಪನ್ನ ಒಂದು ಗೂಡು ಕೇಳಬಾರದಾ?" ಎಂದೆ.

"ಅವರ ಇರುವೆಗೂ ಅವರಷ್ಟೇ ಸೊಕ್ಕಿರತ್ತೆ, ಬಿಡು."

ಅವಳು ಸಂತೆಯಿಂದ ಗುಡ್ಡದ ಕಡೆಯ ಗೂಡುಗಳನ್ನು ತಂದು ಕಟ್ಟಿದಳು. ಮರುದಿನ ಚಿಂಗ್‌ಮಿಂಗ್, ಸತ್ತವರ ಸಮಾಧಿಗೆ ಹೋಗಿ ಬರುವ ಹಬ್ಬ. ತಮ್ಮನಾದ ಚಿಕ್ಕಪ್ಪನ ಸಮಾಧಿ ಗುಡಿಸಿ ಬಂದ ಅಪ್ಪ, ಯಾರಿಗೂ ಹೇಳದೆ, ತಮ್ಮ ಮರಗಳಿಂದ ಅವಳ ಮರಗಳಿಗೆ ಬಿದಿರು ಹಾಸಿದರು. ಅವಳ ಹೊಸ ಗೂಡುಗಳು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಒಂದು ಕಡೆಯ ಗೂಡಿನ ಇರುವೆ ಇನ್ನೊಂದು ಕಡೆಯದನ್ನು ಸೇರಿಸುವುದಿಲ್ಲ, ಕಚ್ಚಿ ಕೊಲ್ಲುತ್ತದೆ. ವಾರ ಕಳೆಯುವುದರೊಳಗೆ ಎರಡೂ ತೋಟಗಳ ನೆಲದ ಮೇಲೆ ಸತ್ತ ಇರುವೆಗಳು ಹೊಟ್ಟಿನಂತೆ ಹರಡಿದ್ದವು. ಚಿಗುರುಗಳು ಮಡಚಿಕೊಳ್ಳುತ್ತಲೇ ಇದ್ದವು.

"ಬಿದಿರು ಹಾಕಿದ್ದು ನಾನೇ," ಎಂದರು ಅಪ್ಪ.

"ಗೊತ್ತು. ಅಷ್ಟು ಸೊಟ್ಟ ಸೀಳೋರು ಊರಲ್ಲಿ ಇನ್ಯಾರಿದ್ದಾರೆ? ಒಂದು ಮಾತು ಹೇಳಿ ಹಾಕೋಕೆ ಏನಾಗಿತ್ತು ಭಾವ?"

"ಮಾತಾಡ್ತಾ ಇದ್ವಾ ನಾವು?"

ಚಿಕ್ಕಮ್ಮ ಕತ್ತರಿ ತಂದು, ಸುರುಳಿ ಸುತ್ತಿದ ಚಿಗುರುಗಳನ್ನು ಮೊಗ್ಗಿನ ಸಮೇತ ಕತ್ತರಿಸಿ, ಹುಳು ಸಾಯಲೆಂದು ನೀರಿನ ಬಕೆಟ್ಟಿಗೆ ಹಾಕತೊಡಗಿದಳು.

"ಹಣ್ಣಾಗಲ್ಲ ಹಾಗಾದ್ರೆ. ಹಿರಿಯರು ಕಡಿಸ್ತಾರೆ," ಎಂದರು ಅಪ್ಪ.

"ನೀವೂ ಆ ಹಿರಿಯರ ಸಾಲಲ್ಲೇ ಕೂರ್ತೀರಲ್ಲ. ಬೇಡ ಅನ್ನಿ."

ಅಪ್ಪ ಹೋಗಿ ಹೇಳಿದರು. ಮನೆತನದ ಗುಡಿಯಲ್ಲಿ ಅವರ ದನಿ ಏರಿದ್ದು ಹೊರಗೆ ನಿಂತ ನನಗೂ ಕೇಳಿಸಿತು. ಕೊನೆಗೆ ಹಿರಿಯರು ಅರ್ಧ ಮರಗಳನ್ನು ಕಡಿಯದೆ ಉಳಿಸಲು ಒಪ್ಪಿದರು. ಉಳಿಯುವ ಮರಗಳು ಯಾವುವೆಂದು ಚಿಕ್ಕಮ್ಮನೇ ಹಗ್ಗ ಕಟ್ಟಿ ಗುರುತು ಮಾಡಬೇಕಿತ್ತು.

ಆ ಮಧ್ಯಾಹ್ನವೆಲ್ಲ ಚಿಕ್ಕಮ್ಮ ಹುಲ್ಲಿನ ಹಗ್ಗದ ತುಂಡುಗಳನ್ನು ಹಿಡಿದು ಮರಗಳ ನಡುವೆ ಓಡಾಡಿದಳು. ಒಂದಕ್ಕೆ ಕಟ್ಟುವಳು, ಮುಂದಿನದರ ಬಳಿ ನಿಂತು ತಿರುಗಿ ನೋಡುವಳು, ಬಂದು ಬಿಚ್ಚುವಳು.