ಬಿಣಗಾದ ಓಕ್ ಪೀಪಾಯಿ

ಕಳೆದ ವಾರ ಕಾರವಾರದಲ್ಲಿ ಗೆಳತಿಯ ಮನೆಯಲ್ಲಿ ಬಿಳಿ ವೈನಿನ ಬಾಟಲಿ ತೆರೆದರು. ಬೆರಕೆಯಲ್ಲ ತಾನೇ ಎಂದು ಮೊದಲು ಮೂಸಿದೆ. ಲಿಂಬೆ ಸಿಪ್ಪೆಯ ವಾಸನೆ, ಅದರ ಹಿಂದೆಯೇ ಹುರಿದ ಕೊಬ್ಬರಿಯದು... ಬಿಣಗಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಾಮ ನೆನಪಾದರು.

ಮಾಮ ಗೋವಾದ ಹೋಟೆಲೊಂದರಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಬೇಸಿಗೆಯಲ್ಲಿ ವಿಜಯಪುರದ ಹಸಿರು ದ್ರಾಕ್ಷಿ ಬಂದೊಡನೆ ರಸ ಹಿಂಡಿ, ಸೋಸಿ, ಹುದುಗು ಹಾಕಿ, ಸಿಹಿಯೆಲ್ಲ ಹೋಗುವವರೆಗೆ ಬಿಡುತ್ತಿದ್ದರು. ಕ್ರಿಸ್‌ಮಸ್ಸಿನ ಸಿಹಿ ವೈನು ಗೊತ್ತಿದ್ದ ನಾನು ಮುಖ ಕಿವುಚಿದರೆ, "ಸಕ್ರೆ ಬೇಕಾದ್ರೆ ಪಾನಕ ಕುಡಿ ಮಾರಾಯ್ತಿ" ಎನ್ನುತ್ತಿದ್ದರು.

ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಉಳಿದಿದ್ದ ಒಬ್ಬರೇ ನೆಂಟರೆಂದರೆ ಅಂಕೋಲೆಯ ಭಾವಮೈದುನ. ಭಾನುವಾರ ತಪ್ಪದೆ ಬಸ್ಸಿನಲ್ಲಿ ಬಂದು ದ್ರಾಕ್ಷಿ ತೊಳೆಯುವುದು, ಬಟ್ಟೆ ಹಿಂಡುವುದು ಎಲ್ಲ ಅವರದೇ. ಮೊದಲೆಲ್ಲ ವೈನು ಗಾಜಿನ ಭರಣಿಯಲ್ಲಿರುತ್ತಿತ್ತು. ಒಂದು ವರ್ಷ ಮಾಮ ಗೋವಾದಿಂದ ಓಕ್ ಮರದ ಸಣ್ಣ ಪೀಪಾಯಿ ತರಿಸಿದರು. ಮರದೊಳಗೆ ಕೂತರೆ ಹುಳಿ ಮೆತ್ತಗಾಗುತ್ತದೆ, ಹುರಿದ ಕೊಬ್ಬರಿಯ ಪರಿಮಳ ಬರುತ್ತದೆ ಎಂದು ಆಸೆ.

ತಳದ ಗಸಿ ಕದಡಲು ಕೋಲು ಇಳಿಸಿದಾಗಲೆಲ್ಲ ಕೋಲಿನ ಮೇಲೆ ಒದ್ದೆಯ ಗುರುತು ಇನ್ನಷ್ಟು ಕೆಳಗಿರುತ್ತಿತ್ತು, ವೈನು ಕಡಿಮೆಯಾಗುತ್ತಿತ್ತು. ಭರಣಿಯಲ್ಲಿ ಹೀಗೆ ಎಂದೂ ಆಗಿರಲಿಲ್ಲ. ಮಾಮನೋ, ಅಂಗಡಿಯಲ್ಲಿ ನೋಡಿ ತಂದ ಬಂಗಡೆ ಮೀನಿನ ಕಿವಿರನ್ನು, ಹಳತೇನೋ ಎಂದು, ಮನೆಯಲ್ಲಿ ಮತ್ತೆ ಎತ್ತಿ ನೋಡುವ ಮನುಷ್ಯ. ಮುಚ್ಚಳಕ್ಕೆ ಮೇಣ ಹಚ್ಚಿ ಉಂಗುರದ ಮುದ್ರೆ ಒತ್ತಿದರು. ಮೇಣ ಒಡೆಯಲಿಲ್ಲ, ವೈನು ಮಾತ್ರ ಇಳಿಯಿತು. ಅಂದರೆ ಕಳ್ಳ ಇಲ್ಲವೆಂದಲ್ಲ, ಕಳ್ಳ ಬಲು ಹುಷಾರು ಎಂದು ಅವರ ಲೆಕ್ಕ. ನನ್ನನ್ನೂ ಎರಡು ದಿನ ಓರೆಗಣ್ಣಿನಿಂದ ನೋಡಿದರು.

ಭಾನುವಾರ ನನ್ನೆದುರೇ ಭಾವಮೈದುನನಿಗೆ ಹೇಳಿಬಿಟ್ಟರು: "ಬೇಕಾದ್ರೆ ಕೇಳೂಕೆ ಆಗ್ತಿರ್ಲಿಲ್ವಾ? ಕದ್ದು ಕುಡೀಬೇಕಾ?"

"ನಾ ಮುಟ್ಲಿಲ್ಲ ಭಾವ" ಎಂದು ಅವರು ಕೊಡೆ ಎತ್ತಿಕೊಂಡು ಹೋದರು. ಮತ್ತೆ ಬರಲಿಲ್ಲ.

ಮಾಮ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಯಾರೂ ಬಾರದಿದ್ದರೂ ವೈನು ಇಳಿಯುತ್ತಲೇ ಇತ್ತು. ಕೊನೆಗೆ ಗೋವಾದ ಹಳೆಯ ಗೆಳೆಯನಿಗೆ ಫೋನು ಮಾಡಿದರೆ ಆತ ನಕ್ಕನಂತೆ. ಮರದ ಪೀಪಾಯಿ ತಾನೂ ಹೀರುತ್ತದೆ, ಗಾಳಿಗೂ ಬಿಡುತ್ತದೆ, ಆಗಾಗ ಮೇಲಿಂದ ತುಂಬಿಸುತ್ತಿರಬೇಕು ಎಂದನಂತೆ.

ಬಾಟಲಿ ಹಿಡಿದು ಅಂಕೋಲೆಗೆ ಹೊರಟ ಮಾಮನ ಜೊತೆ ನಾನೂ ಹೋದೆ. "ಮರ ಕುಡಿದದ್ದು ಮಾರಾಯಾ, ನೀನಲ್ಲ" ಎಂದರು.

ಭಾವಮೈದುನ ಬಾಟಲಿ ಮುಟ್ಟಲಿಲ್ಲ. "ಮರ ಹೇಳಿದ್ಮೇಲೆ ನಂಬಿದ್ರಿ. ನಾ ಹೇಳಿದಾಗ ನಂಬ್ಲಿಲ್ಲ."

ಹಿಂದಿರುಗುವಾಗ ಮಾಮ ಬಸ್ಸಿನಲ್ಲಿ ಆ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಬಂದರು.

ಹೋದ ವರ್ಷ ಮಾಮ ತೀರಿಕೊಂಡರು. ಅವರನ್ನು ನೆನೆದರೆ ನನಗೆ ಸಿಟ್ಟೂ ಬರುತ್ತದೆ, ಇಲ್ಲವಲ್ಲ ಎಂದು ಸಂಕಟವೂ ಆಗುತ್ತದೆ. ಮಾಮ ತೀರಿದ ದಿನ ಭಾವಮೈದುನ ಬಂದು ಚಟ್ಟಕ್ಕೆ ಹೆಗಲು ಕೊಟ್ಟರು. ನಾನು ನೀರು ಕೊಟ್ಟರೆ ಲೋಟ ತೆಗೆದುಕೊಂಡು, ಕುಡಿಯದೆ, ತೆಂಗಿನ ಬುಡಕ್ಕೆ ಸುರಿದರು. ಸಾವಿನ ಮನೆಯ ನೀರು ಬೇಡವೆಂದೋ, ಆ ಮನೆಯಲ್ಲಿ ಏನನ್ನೂ ಕುಡಿಯಬಾರದೆಂದೋ... ಈಗಲೂ ಅಂಕೋಲೆ ಪೇಟೆಯಲ್ಲಿ ಸಿಗುತ್ತಾರೆ. ಕೇಳಿದರೆ ಹೇಳಿಯಾರು. ಹೇಳಿದ್ದನ್ನು ನಾನು ನಂಬಬೇಕಲ್ಲ.