ಚಾದರದ ಆಚೆಯ ತುದಿ

ಕೊನೆಯ ಸಾಮಾನ್ಯ ದಿನ ಒಂದು ಭಾನುವಾರ. ಬಂಟ್ವಾಳದ ನಮ್ಮ ಮನೆಯ ಒಗೆಯುವ ಕಲ್ಲಿನ ಬಳಿ ನಾನೂ ನನ್ನ ಗಂಡನೂ ಚಾದರ ಹಿಂಡುತ್ತಿದ್ದೆವು. ನೀರು ಕುಡಿದ ದಪ್ಪ ಚಾದರವನ್ನು ಒಬ್ಬರೇ ಹಿಂಡಲಾಗದೆಂದು ನಿಮಗೂ ಗೊತ್ತಿರಬಹುದು. ನಮ್ಮಲ್ಲಿ ತಿರುಚುವವಳು ನಾನು; ಆಚೆಯ ತುದಿ ಹಿಡಿದು ಸುಮ್ಮನೆ ನಿಲ್ಲುವವರು ಇವರು. ನಿಮ್ಮದು ಸುಖದ ಕೆಲಸ ಎಂದು ಕೆಣಕಿದೆ.

"ಹಾಗಾದರೆ ಬಿಡ್ತೇನೆ, ನೋಡುವ," ಎಂದು ಬೆರಳು ಸಡಿಲಿಸಿದರು. ಹಾಕಿದ ತಿರುಚೆಲ್ಲ ಒಮ್ಮೆಲೇ ಬಿಚ್ಚಿಕೊಂಡು, ಒದ್ದೆ ಬಟ್ಟೆ ನನ್ನ ಕಾಲ ಮೇಲೆ ಬಿತ್ತು. ಇವರು ನಕ್ಕರು. "ತಿರುಗಿಸುವವರಿಗೆ ಎಷ್ಟು ಬಲ ಬೇಕೋ, ತಿರುಗದೆ ನಿಲ್ಲುವವನಿಗೂ ಅಷ್ಟೇ ಬೇಕು ಮಾರಾಯ್ತಿ."

ದೊಡ್ಡ ಎಂಜಿನುಗಳನ್ನು ಅಡಿಪಾಯದ ಮೇಲೆ ಕೂರಿಸುವುದು ಇವರ ಕಸುಬು. ಆಗ ಮೂಡುಬಿದಿರೆಯ ಕಡೆಯ ಒಂದು ಜಲ್ಲಿ ಕ್ರಶರಿನ ಕೆಲಸ ನಡೆದಿತ್ತು. ಎಂಜಿನು ಕ್ರಶರನ್ನು ಒಂದು ದಿಕ್ಕಿಗೆ ತಿರುಗಿಸುತ್ತದೆ. ಬಾಯಿಗೆ ಕಲ್ಲು ಬಿದ್ದು ಕ್ರಶರು ತಡೆದಷ್ಟೂ ಎಂಜಿನಿನ ಒಡಲು ಎದುರು ದಿಕ್ಕಿಗೆ ಮಗುಚಲು ಹೊರಡುತ್ತದೆ. ಒಂದು ಬದಿಯ ಪಾದಗಳು ನೆಲವನ್ನು ಒತ್ತುತ್ತವೆ, ಇನ್ನೊಂದು ಬದಿಯವು ಮೇಲೇಳಲು ನೋಡುತ್ತವೆ. ಅಡಿಯ ರಬ್ಬರು ಆ ಒತ್ತನ್ನು ತಾಳಬೇಕು, ಬೋಲ್ಟು ಆ ಎಳೆತವನ್ನು. ಬರೀ ತೂಕ ಹೊತ್ತರೆ ಸಾಲದು ಎಂದು ಅಂದು ಊಟಕ್ಕೆ ಕೂತಾಗಲೂ ಇವರು ಅದನ್ನೇ ವಿವರಿಸಿದರು. ನಾನು ಸಾರು ಬಡಿಸುತ್ತ ಅರ್ಧ ಕೇಳಿದೆ.

ಮರುದಿನ ಬೆಳಿಗ್ಗೆ ಬಿ.ಸಿ. ರೋಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಇವರ ಎದೆಬಡಿತ ನಿಂತುಹೋಯಿತು.

ಉಳಿದ ಕೆಲಸವನ್ನು ಇವರ ಜೊತೆಗಾರ, ಬೆಳ್ತಂಗಡಿಯ ಮೋನಪ್ಪಣ್ಣ ಮುಗಿಸಿದ. ಎಂಜಿನನ್ನು ಮೊದಲ ಸಲ ಚಾಲೂ ಮಾಡುವ ದಿನ ನನ್ನನ್ನೂ ಕರೆದ. ಅಲ್ಲಿ ಇವರದ್ದು ಏನಾದರೂ ಸಿಕ್ಕೀತು ಎಂಬ ಆಸೆಯಿಂದ ಹೋದೆ.

"ಕಲ್ಲು ಹಾಕಿಸ್ತೇನೆ, ನೋಡಿ ಅಕ್ಕ. ಅಲ್ಲಾಡಿದರೆ ಬೈಯಲಿಕ್ಕೆ ಅವರಿಲ್ಲ," ಎಂದು ಅವನು ಮುಖ ತಿರುಗಿಸಿಕೊಂಡ.

ಕಲ್ಲು ಬಿತ್ತು. ಅಷ್ಟು ದೊಡ್ಡ ಒಡಲು ಒಂದು ಬದಿಗೆ ಕೊಂಚ ವಾಲಿತು, ಅಲ್ಲೇ ನಿಂತಿತು. ಇವರು ಕೂರಿಸಿದ ಪಾದಗಳು ಹಿಡಿದೇ ಇದ್ದವು. ಎಲ್ಲರಿಗೂ ಸಮಾಧಾನವಾಯಿತು, ನನಗೆ ಆಗಲಿಲ್ಲ. ಯಾರದೋ ಕಬ್ಬಿಣವನ್ನು ಇಷ್ಟು ಭದ್ರವಾಗಿ ಹಿಡಿದಿಟ್ಟವರು ನನ್ನ ತುದಿಯನ್ನು ಬಿಟ್ಟು ಹೋದರಲ್ಲ ಎಂದು ಹೊಟ್ಟೆ ಉರಿಯಿತು. ಬಸ್ಸಿನಲ್ಲಿ ಬರುವಾಗಲೂ ಆ ಉರಿ ಇಳಿಯಲಿಲ್ಲ.

ಮನೆಯನ್ನು ನಡೆಸುವವಳು ನಾನೇ ಎಂದುಕೊಂಡಿದ್ದೆ. ಆದರೆ ನನ್ನ ಸಿಟ್ಟು, ನನ್ನ ಹಠ, ನನ್ನ ಅವಸರ, ಎಲ್ಲವೂ ಎದುರಿಗೆ ಅಲುಗದೆ ನಿಂತ ಒಬ್ಬರಿಂದಾಗಿ ಕೆಲಸಕ್ಕೆ ಬರುತ್ತಿದ್ದವು. ಈಗ ಬೆಳಿಗ್ಗೆ ಗಂಜಿಗೆ ಅಕ್ಕಿ ಹಾಕಬೇಕೋ ಬೇಡವೋ ಎಂಬುದೂ ನಿರ್ಧಾರವಾಗುವುದಿಲ್ಲ. ಬೇಡ ಎನ್ನುವವರಿಲ್ಲದ ಮನೆಯಲ್ಲಿ ಬೇಕು ಎನ್ನಲೂ ಬಲ ಬರುವುದಿಲ್ಲ. ಕಾಲ ಕಳೆದಂತೆ ಸರಿಯಾಗುತ್ತದೆ ಎನ್ನುತ್ತಾರೆ. ಕಾಲ ಕಳೆಯುತ್ತಿದೆ, ಅಷ್ಟೇ.

ಚಾದರದ ಒಂದು ತುದಿಯನ್ನು ಈಗ ಕಿಟಕಿಯ ಸರಳಿಗೆ ಕಟ್ಟಿ ಹಿಂಡುತ್ತೇನೆ. ಸರಳು ಇವರಿಗಿಂತ ಗಟ್ಟಿ. ಬಿಡ್ತೇನೆ ಎಂದು ಹೆದರಿಸುವುದಿಲ್ಲ. ನೀರು ಇಳಿಯುತ್ತದೆ, ಬಟ್ಟೆ ಒಣಗುತ್ತದೆ. ಆಚೆಯ ತುದಿಯಲ್ಲಿ ಇವರಿಲ್ಲ.